ಹಾಲಿನ ಸೊಸೈಟಿಯ ಲೆಕ್ಕವೂ ಅನುಭವವೇ

ಪದವಿ ಫಲಿತಾಂಶ ಬಂದ ವಾರ ಯಾವುದಾದರೂ ತಾಲ್ಲೂಕು ಕೇಂದ್ರದ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಅಂಕಪಟ್ಟಿಯ ನಕಲು ತೆಗೆಸುವವರ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲಿರುತ್ತದೆ. ಅದು ‘ಬಯೋಡೇಟಾ’ ಮಾಡಿಸುವವರದು. ಕಂಪ್ಯೂಟರ್ ಮುಂದೆ ಕೂತ ಹುಡುಗ ಹಿಂದೆ ಬಂದವರ ಫೈಲನ್ನೇ ತೆರೆದು ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಶೇಕಡಾವಾರು ಅಂಕ ಇಷ್ಟನ್ನು ಬದಲಿಸುತ್ತಾನೆ. ಮೇಲ್ಗಡೆ ಯಾರೋ ಎಂದೋ ಬರೆದ ‘ಕೆರಿಯರ್ ಆಬ್ಜೆಕ್ಟಿವ್’ ಹಾಗೇ ಉಳಿಯುತ್ತದೆ. ಕೆಳಗಡೆ ‘ಮೇಲ್ಕಂಡ ಮಾಹಿತಿ ನನಗೆ ತಿಳಿದ ಮಟ್ಟಿಗೆ ಸತ್ಯ’ ಎಂಬ ಘೋಷಣೆಯೂ ಹಾಗೇ ಉಳಿಯುತ್ತದೆ. ಹವ್ಯಾಸ: ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು. ಅನುಭವ: ಇಲ್ಲ. ಹತ್ತು ನಿಮಿಷದಲ್ಲಿ ಒಬ್ಬ ಪದವೀಧರನ ಮೂರು ನಾಲ್ಕು ವರ್ಷದ ಬದುಕು ಬೇರೆಯವರ ಮಾತಿನಲ್ಲಿ ಅಚ್ಚಾಗಿ ಹೊರಬೀಳುತ್ತದೆ.

ಇಂಥ ಹಾಳೆಗಳನ್ನು ಓದಿ ತಿದ್ದಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಒಮ್ಮೆ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ತನ್ನ ಹಾಳೆ ತಂದಳು. ಅನುಭವದ ಎದುರು ‘ನಿಲ್’ ಎಂದಿತ್ತು.

‘ಕಾಲೇಜಿಗೆ ಬರೋಕೆ ಮುಂಚೆ ಬೆಳಿಗ್ಗೆ ಏನಮ್ಮ ಮಾಡ್ತಿದ್ದೆ?’ ಎಂದು ಕೇಳಿದೆ.

‘ಡೈರಿಗೆ ಹೋಗ್ತಿದ್ದೆ ಸರ್. ಅಪ್ಪ ನಮ್ಮೂರ ಸೊಸೈಟಿ ಸೆಕ್ರೆಟರಿ. ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಬರೆಯೋದೆಲ್ಲ ನಾನೇ.’

ಕೆದಕಿದಾಗ ಒಂದೊಂದೇ ಹೊರಬಂತು. ಎರಡು ವರ್ಷ, ದಿನಾ ಬೆಳಿಗ್ಗೆ, ಎಂಬತ್ತರಷ್ಟು ಮನೆಗಳ ಹಾಲಿನ ಅಳತೆ. ಪ್ರತಿಯೊಬ್ಬರ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಜಿಡ್ಡಿನಂಶ ಮತ್ತು ಜಿಡ್ಡೇತರ ಘನಾಂಶ, ದಾಖಲಿಸುವುದು. ಅದರ ಮೇಲೆ ದರ ಕಟ್ಟಿ ಬಟವಾಡೆ ಪಟ್ಟಿ ಮಾಡುವುದು. ‘ನನ್ನ ಹಾಲಿಗೆ ಯಾಕೆ ಕಮ್ಮಿ ಬಂತು’ ಎಂದು ಜಗಳಕ್ಕೆ ಬಂದವರಿಗೆ ರಿಜಿಸ್ಟರ್ ತೆರೆದು ತೋರಿಸಿ ಸಮಾಧಾನ ಹೇಳುವುದು. ಇಷ್ಟನ್ನೂ ಮಾಡಿದ ಹುಡುಗಿ ಅನುಭವ ‘ನಿಲ್’ ಎಂದು ಬರೆಸಿಕೊಂಡು ಬಂದಿದ್ದಳು. ‘ಅದು ಮನೆ ಕೆಲಸ ಅಲ್ವಾ ಸರ್?’ ಎಂದಳು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಪದವೀಧರರ ರೆಸ್ಯೂಮೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪದು. ಎಸಿ ಕೋಣೆಯಲ್ಲಿ ಕೂತು ಸಂಬಳ ಪಡೆದದ್ದು ಮಾತ್ರ ಅನುಭವ ಎಂದು ಮಕ್ಕಳು ನಂಬಿಬಿಟ್ಟಿದ್ದಾರೆ. ಹೊಣೆ ಹೊತ್ತು, ಹೊತ್ತಿಗೆ ಸರಿಯಾಗಿ, ಬೇರೆಯವರಿಗೆ ಲೆಕ್ಕ ಒಪ್ಪಿಸಿ ಮಾಡಿದ ಕೆಲಸವೆಲ್ಲ ಅನುಭವವೇ. ಸಂಬಳ ಬಂದಿಲ್ಲವೆಂದರೆ ‘ಸಂಬಳರಹಿತ’ ಎಂದು ಬರೆದರೆ ಆಯಿತು.

ಬಯೋಡೇಟಾ ಬೇರೆ, ರೆಸ್ಯೂಮೆ ಬೇರೆ

ನಮ್ಮಲ್ಲಿ ಮದುವೆಗೂ ಬಯೋಡೇಟಾ, ನೌಕರಿಗೂ ಬಯೋಡೇಟಾ. ಹಾಗಾಗಿ ಮೊದಲನೆಯದರ ವಿವರಗಳು ಎರಡನೆಯದರೊಳಗೆ ನುಸುಳಿಕೊಂಡಿವೆ. ತಂದೆಯ ಉದ್ಯೋಗ, ಧರ್ಮ, ಜಾತಿ, ಎತ್ತರ, ವಿವಾಹಿತರೋ ಅವಿವಾಹಿತರೋ ಎಂಬುದು ಖಾಸಗಿ ಕಂಪನಿಯ ಕೆಲಸಕ್ಕೆ ಬೇಕಿಲ್ಲ. ಸರ್ಕಾರಿ ನೇಮಕಾತಿಯ ಅರ್ಜಿ ನಮೂನೆ ಕೇಳಿದರೆ ಅಲ್ಲಿ ತುಂಬಬೇಕು, ಅದರ ಮಾತು ಬೇರೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನಂತೂ ರೆಸ್ಯೂಮೆಯಲ್ಲಿ ಬರೆಯಲೇಬಾರದು. ಆ ಹಾಳೆ ಎಷ್ಟು ಕೈಗಳಿಗೆ, ಎಷ್ಟು ಮೊಬೈಲುಗಳಿಗೆ ಹೋಗುತ್ತದೆಂಬ ಲೆಕ್ಕ ನಿಮ್ಮ ಬಳಿ ಇರುವುದಿಲ್ಲ. ಊರು, ಮೊಬೈಲ್ ಸಂಖ್ಯೆ, ನಿಮ್ಮ ಹೆಸರಿನ ಇಮೇಲ್ ವಿಳಾಸ ಇಷ್ಟು ಸಾಕು. ಪಿಯುಸಿಯಲ್ಲಿ ಗೆಳೆಯರು ಮಾಡಿಕೊಟ್ಟ ‘ರಾಕಿಂಗ್ ಬಾಯ್’ ಥರದ ಇಮೇಲ್ ಇದ್ದರೆ ಇವತ್ತೇ ಹೊಸದು ಮಾಡಿಕೊಳ್ಳಿ.

ರೆಸ್ಯೂಮೆ ಎಂಬುದು ಫ್ರೆಂಚ್ ಮೂಲದ ಪದ. ಸಾರಾಂಶ ಎಂದು ಅದರ ಅರ್ಥ. ಓದುವವರು ಆ ಸಾರಾಂಶದಲ್ಲಿ ಮೂರು ವಿಷಯ ಹುಡುಕುತ್ತಾರೆ. ಈ ಹುಡುಗ ಏನು ಮಾಡಬಲ್ಲ? ಮಾಡಬಲ್ಲ ಎನ್ನುವುದಕ್ಕೆ ಆಧಾರ ಏನು? ಹೊಸದನ್ನು ಹೇಳಿಕೊಟ್ಟರೆ ಕಲಿಯುವನೇ? ಫ್ರೆಷರ್‌ಗಳನ್ನು ಕರೆದಿರುವ ಕಂಪನಿ ಐದು ವರ್ಷದ ಅನುಭವ ಕೇಳುವುದಿಲ್ಲ. ನೂರಾರು ಅರ್ಜಿಗಳ ನಡುವೆ ಒಂದು ನಂಬಿಕೆಯ ಸುಳಿವು ಸಿಗುವುದೇ ಎಂದು ನೋಡುತ್ತದೆ. ನಕಲು ಮಾಡಿದ ವಾಕ್ಯ ಆ ಸುಳಿವು ಕೊಡಲಾರದು. ಸವಾಲಿನ ವಾತಾವರಣದಲ್ಲಿ ಸಂಸ್ಥೆಯ ಬೆಳವಣಿಗೆಗಾಗಿ ದುಡಿದು ತನ್ನ ಕೌಶಲ ಬೆಳೆಸಿಕೊಳ್ಳುವ ಆಸೆಯ ಆ ಒಂದೇ ಸಾಲನ್ನು ಅವರು ಅದೇ ದಿನ ಐವತ್ತು ಸಲ ಓದಿರುತ್ತಾರೆ.

ಮೊದಲು ಕನ್ನಡದಲ್ಲಿ ಬರೆಯಿರಿ

ರೆಸ್ಯೂಮೆ ಕೊನೆಗೆ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ, ನಿಜ. ಆದರೆ ನನ್ನ ಬಳಿ ಬರುವ ಮಕ್ಕಳಿಗೆ ನಾನು ಕೊಡುವ ಮೊದಲ ಸಲಹೆ ಒಂದೇ: ಮೊದಲು ಕನ್ನಡದಲ್ಲಿ ಬರೆಯಿರಿ. ಮನೆಯಲ್ಲಿ ತುಳು ಮಾತಾಡುವವರಾದರೆ ತುಳುವಿನಲ್ಲಿ, ಉರ್ದು ಮಾತಾಡುವವರಾದರೆ ಉರ್ದುವಿನಲ್ಲಿ ಯೋಚಿಸಿ. ಇಂಗ್ಲಿಷಿನಲ್ಲಿ ನೇರ ಬರೆಯಲು ಕೂತರೆ ಕೈಗೆ ಬರುವುದು ಎಲ್ಲೋ ನೋಡಿದ ‘ಹಾರ್ಡ್ ವರ್ಕಿಂಗ್’, ‘ಟೀಮ್ ಪ್ಲೇಯರ್’, ‘ಕ್ವಿಕ್ ಲರ್ನರ್’ ಎಂಬ ಪದಗಳು. ತಾಯಿನುಡಿಯಲ್ಲಿ ಬರೆದರೆ ಅಂಥ ಬರಿದೆ ಮಾತು ನಾಲಿಗೆಗೆ ಬರುವುದಿಲ್ಲ. ‘ನಾನು ಶ್ರಮಜೀವಿ’ ಎಂದು ಕನ್ನಡದಲ್ಲಿ ಬರೆದುಕೊಂಡು ಓದಿ ನೋಡಿ, ನಿಮಗೇ ಮುಜುಗರವಾಗುತ್ತದೆ. ‘ಹಾಸ್ಟೆಲಿನ ಮೆಸ್ ಕಮಿಟಿಯಲ್ಲಿ ಒಂದು ವರ್ಷ ಇದ್ದೆ, ತರಕಾರಿ ಲೆಕ್ಕ ನಾನೇ ಬರೆಯುತ್ತಿದ್ದೆ’ ಎಂದು ಬರೆದರೆ ಮುಜುಗರವಿಲ್ಲ. ಅದು ನಡೆದ ಸಂಗತಿ.

ಒಂದು ನೋಟ್‌ಬುಕ್ ತೆಗೆದುಕೊಂಡು ಕಾಲೇಜಿಗೆ ಸೇರಿದ ದಿನದಿಂದ ಇಂದಿನವರೆಗೆ ಮಾಡಿದ್ದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಕೆಳಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಿ. ಏನು ಮಾಡಿದೆ? ಎಷ್ಟು ದಿನ, ಎಷ್ಟು ಜನರಿಗೆ, ಎಷ್ಟು ಹಣದ್ದು? ಅದರಿಂದ ಏನಾಯಿತು? ಇದನ್ನು ಬಲ್ಲವರು ಯಾರಿದ್ದಾರೆ? ನಾಲ್ಕಕ್ಕೂ ಉತ್ತರ ಇರುವ ಸಂಗತಿ ರೆಸ್ಯೂಮೆಗೆ ಬರಲು ಯೋಗ್ಯ. ಆಮೇಲೆ ಅದನ್ನು ಚಿಕ್ಕ ಇಂಗ್ಲಿಷ್ ಸಾಲುಗಳಿಗೆ ಇಳಿಸಿ. ಇಂಗ್ಲಿಷ್ ಮೇಷ್ಟ್ರಿಗೋ ಮೇಡಂಗೋ ತೋರಿಸಿ ವ್ಯಾಕರಣ ತಿದ್ದಿಸಿಕೊಳ್ಳಿ. ಎಐ ಬಳಸುವವರೂ ನೋಟ್‌ಬುಕ್ ತುಂಬಿದ ಮೇಲೆಯೇ ಅದರ ಬಳಿ ಹೋಗಬೇಕು. ಬರಿಗೈಯಲ್ಲಿ ಹೋದರೆ ಅದೂ ಜೆರಾಕ್ಸ್ ಅಂಗಡಿಯ ಕೆಲಸವನ್ನೇ ಮಾಡಿಕೊಡುತ್ತದೆ.

ಡೈರಿಯ ಹುಡುಗಿಯ ‘ನಿಲ್’ ಹೀಗೆ ಬದಲಾಯಿತು: ‘ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಗೆ ಸಹಾಯ, ಎರಡು ವರ್ಷ, ಸಂಬಳರಹಿತ. ದಿನಾ ಬೆಳಿಗ್ಗೆ ಸುಮಾರು 80 ಉತ್ಪಾದಕರ ಹಾಲಿನ ಪ್ರಮಾಣ ಮತ್ತು ಗುಣಮಟ್ಟದ ದಾಖಲೆ. ಬಟವಾಡೆ ಪಟ್ಟಿ ತಯಾರಿ. ದೂರು ಬಂದಾಗ ರಿಜಿಸ್ಟರ್ ಜೊತೆ ತಾಳೆ ಹಾಕಿ ವ್ಯತ್ಯಾಸ ಸರಿಪಡಿಸಿದ್ದು.’ ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಹೋದಾಗ ಸಂದರ್ಶನದ ಅರ್ಧ ಹೊತ್ತು ಈ ಸಾಲುಗಳ ಮೇಲೆಯೇ ಮಾತು ನಡೆಯಿತಂತೆ. ತಾನು ಮಾಡಿದ ಕೆಲಸವಾದ್ದರಿಂದ ಯಾವ ಪ್ರಶ್ನೆಗೂ ಅವಳು ತಡವರಿಸಲಿಲ್ಲ.

ಎಲ್ಲರ ಮನೆಯಲ್ಲೂ ಡೈರಿ ಇರುವುದಿಲ್ಲ, ಆದರೆ ಏನಾದರೊಂದು ಇರುತ್ತದೆ. ಅಮ್ಮನ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲದ ಪುಸ್ತಕ ಬರೆದವರಿದ್ದಾರೆ. ಕೇಟರಿಂಗ್ ಹುಡುಗರ ಜೊತೆ ಬಡಿಸಲು ಹೋಗಿ ಫೀಸು ಕಟ್ಟಿಕೊಂಡವರಿದ್ದಾರೆ. ಪಕ್ಕದ ಮನೆಯ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳಿದವರು, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡಿದವರು, ಊರ ಹಬ್ಬಕ್ಕೆ ಚಂದಾ ಎತ್ತಿ ಪೈಸೆ ಪೈಸೆಗೆ ಲೆಕ್ಕ ಕೊಟ್ಟವರು ಇದ್ದಾರೆ. ಇವುಗಳಲ್ಲಿ ಯಾವುದಕ್ಕೂ ನಾಚಬೇಕಿಲ್ಲ. ದುಡಿದು ಓದಿದ ಹುಡುಗನ ಶೇಕಡಾ 62 ಅಂಕಗಳನ್ನು ತೂಗುವಾಗ ಆ ದುಡಿಮೆಯೂ ತಕ್ಕಡಿಯಲ್ಲಿ ಇರಬೇಕು. ಅವನು ಬರೆಯದೆ ಹೋದರೆ ಅದನ್ನು ತಕ್ಕಡಿಗೆ ಹಾಕುವವರು ಯಾರು?

ಕಾಲೇಜಿನೊಳಗಿನ ಕೆಲಸ

ರಾಷ್ಟ್ರೀಯ ಸೇವಾ ಯೋಜನೆ, ಎನ್‌ಎಸ್‌ಎಸ್, 1969ರ ಸೆಪ್ಟೆಂಬರ್ 24ರಂದು ಶುರುವಾಯಿತು. ‘ನನಗಲ್ಲ ನಿನಗೆ’ ಎಂಬ ಅದರ ಧ್ಯೇಯವಾಕ್ಯ ನಮ್ಮ ಕಾಲೇಜಿನ ಗೋಡೆಗಳ ಮೇಲೆಲ್ಲ ಇದೆ. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರಕ್ಕೆ ಹೋಗಬೇಕು. ಇಷ್ಟು ದುಡಿದವರು ರೆಸ್ಯೂಮೆಯಲ್ಲಿ ಬರೆಯುವುದು ‘ಎನ್‌ಎಸ್‌ಎಸ್ ವಾಲಂಟಿಯರ್’ ಎಂಬ ಎರಡೇ ಪದ. ಶಿಬಿರದಲ್ಲಿ ನೀವು ಮಾಡಿದ್ದೇನು? ನೂರು ಜನರ ಅಡುಗೆಯ ಸಾಮಾನು ತಂದಿರಾ? ಮನೆಮನೆ ಸಮೀಕ್ಷೆಗೆ ಹೋಗಿ ಎಷ್ಟು ಮನೆಗಳ ಮಾಹಿತಿ ಬರೆದಿರಿ? ಪಂಚಾಯಿತಿಯವರ ಜೊತೆ ಮಾತಾಡಿ ಶಾಲೆಯ ಕೀಲಿಕೈ ತಂದದ್ದು ಯಾರು? ಆ ಒಂದು ಸಾಲು ಬೇಕು. ಎನ್‌ಸಿಸಿಯ ‘ಬಿ’, ‘ಸಿ’ ಸರ್ಟಿಫಿಕೇಟ್ ಪಡೆದವರೂ ಹೀಗೆಯೇ, ಯಾವ ವರ್ಷ, ಯಾವ ಶ್ರೇಣಿ, ಯಾವ ಶಿಬಿರದಲ್ಲಿ ಯಾವ ಹೊಣೆ ಎಂದು ಬರೆಯಬೇಕು.

ಎಂಜಿನಿಯರಿಂಗ್ ಮಕ್ಕಳಿಗೆ ಕೊನೆಯ ವರ್ಷದ ಪ್ರಾಜೆಕ್ಟೇ ದೊಡ್ಡ ಆಸ್ತಿ. ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಯಾವುದೆಂದು ಬಿಡಿಸಿ ಹೇಳಿ. ‘ಸ್ಮಾರ್ಟ್ ನೀರಾವರಿ ವ್ಯವಸ್ಥೆ’ ಎಂಬ ಶೀರ್ಷಿಕೆಯಿಂದ ಏನೂ ತಿಳಿಯುವುದಿಲ್ಲ. ‘ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ಜೋಡಿಸಿ, ಪಂಪ್ ತಾನಾಗಿ ನಿಲ್ಲುವ ಪ್ರೋಗ್ರಾಂ ಬರೆದದ್ದು ನಾನು. ನಮ್ಮ ತೋಟದಲ್ಲೇ ಮೂರು ವಾರ ಪರೀಕ್ಷಿಸಿದೆವು. ಮಳೆ ಬಂದಾಗ ಸೆನ್ಸರ್ ಕೈಕೊಟ್ಟಿತು, ಹೊದಿಕೆ ಬದಲಿಸಿ ಸರಿಪಡಿಸಿದೆವು’ ಎಂದರೆ ಓದುವವನಿಗೆ ಒಬ್ಬ ಎಂಜಿನಿಯರ್ ಕಾಣುತ್ತಾನೆ. ಕೆಟ್ಟದ್ದನ್ನು ಸರಿಪಡಿಸಿದ ಸಂಗತಿಯನ್ನು ಮುಚ್ಚಿಡಬೇಡಿ, ಕಲಿತದ್ದು ಅಲ್ಲೇ ಕಾಣುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತದೆ. ನಿಮ್ಮದಕ್ಕೆ ಸಿಕ್ಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹಾಕಿ. ದುಡ್ಡು ಕೊಟ್ಟು ಪ್ರಾಜೆಕ್ಟ್ ಕೊಂಡವರಿಗೆ ಮಾತ್ರ ನಾನು ಸಹಾಯ ಮಾಡಲಾರೆ. ಸಂದರ್ಶನದ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ.

ಕೌಶಲದ ಪಟ್ಟಿಯಲ್ಲೂ ಇದೇ ನಿಯಮ. ‘ಎಂಎಸ್ ಆಫೀಸ್ ಬರುತ್ತದೆ’ ಎನ್ನುವ ಬದಲು ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಬಲ್ಲೆ, ವಿಲುಕಪ್ ಹಾಕಬಲ್ಲೆ ಎನ್ನಿ. ‘ಟ್ಯಾಲಿ ಗೊತ್ತು’ ಎನ್ನುವ ಬದಲು ವೋಚರ್ ಎಂಟ್ರಿ, ಬ್ಯಾಂಕ್ ತಾಳೆ, ಜಿಎಸ್‌ಟಿಆರ್-1 ಮತ್ತು 3ಬಿಗೆ ಬೇಕಾದ ಮಾಹಿತಿ ತಯಾರಿ, ಇವುಗಳಲ್ಲಿ ಯಾವುದನ್ನು ಕೈಯಾರೆ ಮಾಡಿದ್ದೀರಿ ಎಂದು ಬರೆಯಿರಿ. ಐದು ನಕ್ಷತ್ರದಲ್ಲಿ ನಾಲ್ಕು ತುಂಬಿಸಿ ‘ಜಾವಾ ಶೇಕಡಾ 80’ ಎಂದು ತೋರಿಸುವ ಚಿತ್ರಗಳು ಬೇಡ. ಯಾವ ಅಳತೆಯಲ್ಲಿ 80 ಎಂದು ಕೇಳಿದರೆ ಉತ್ತರವಿಲ್ಲ. ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಕೊನೆಗೆ ತಳ್ಳಬೇಡಿ. ಕನ್ನಡದಲ್ಲಿ ಪತ್ರ ಬರೆಯಬಲ್ಲವರು, ನುಡಿಯಲ್ಲೂ ಯುನಿಕೋಡಿನಲ್ಲೂ ಟೈಪ್ ಮಾಡಬಲ್ಲವರು, ಹಳ್ಳಿಯ ಗ್ರಾಹಕರ ಜೊತೆ ಅವರ ಮಾತಿನಲ್ಲೇ ವ್ಯವಹರಿಸಬಲ್ಲವರು ಬ್ಯಾಂಕಿಗೂ ವಿಮಾ ಕಚೇರಿಗೂ ಕಸ್ಟಮರ್ ಕೇರಿಗೂ ಬೇಕು.

ಹಾಳೆಯ ರೂಪದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಫ್ರೆಷರ್‌ಗೆ ಒಂದೇ ಪುಟ. ಮೇಲೆ ಹೆಸರು, ಕೆಳಗೆ ಎರಡು ಸಾಲಿನ ಪರಿಚಯ: ಏನು ಓದಿದ್ದೀರಿ, ಏನು ಮಾಡಬಲ್ಲಿರಿ, ಯಾವ ಕೆಲಸಕ್ಕೆ ಬಂದಿದ್ದೀರಿ. ಆಮೇಲೆ ಓದು, ಕೆಲಸ ಮತ್ತು ಪ್ರಾಜೆಕ್ಟ್, ಕೌಶಲ. ಸಿಜಿಪಿಎ ಬರೆದರೆ ಹತ್ತಕ್ಕೆ ಎಷ್ಟು ಎಂದು ಸ್ಪಷ್ಟವಾಗಿರಲಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಸಾಫ್ಟ್‌ವೇರ್. ಬಣ್ಣಬಣ್ಣದ ಎರಡು ಕಾಲಂ, ಟೇಬಲ್, ಚಿತ್ರದೊಳಗಿನ ಅಕ್ಷರ ಇದ್ದರೆ ಅದು ತಪ್ಪಾಗಿ ಓದಬಹುದು. ಸಾದಾ ಅಕ್ಷರ, ಒಂದೇ ಕಾಲಂ, ಪಿಡಿಎಫ್ ಫೈಲ್ ಕ್ಷೇಮ. ಜಾಹೀರಾತಿನಲ್ಲಿ ಅವರು ಬಳಸಿದ ಪದ ನಿಮಗೆ ನಿಜಕ್ಕೂ ಅನ್ವಯಿಸುವುದಾದರೆ ಅದೇ ಪದವನ್ನು ನೀವೂ ಬಳಸಿ. ನೂರು ಕಡೆಗೆ ಒಂದೇ ಹಾಳೆ ಕಳಿಸುವುದಕ್ಕಿಂತ ಹತ್ತು ಕಡೆಗೆ ಆಯಾ ಕೆಲಸಕ್ಕೆ ತಕ್ಕಂತೆ ತಿದ್ದಿ ಕಳಿಸುವುದು ಮೇಲು.

ಸುಳ್ಳಿನ ಬೆಲೆ

ಈಗ ಮನಸ್ಸಿಗೆ ನೋವಾಗುವ ಒಂದು ಮಾತು. ಫ್ರೆಷರ್‌ಗೆ ಕೆಲಸ ಸಿಗುವುದಿಲ್ಲ ಎಂದು ಹೆದರಿಸಿ, ಎರಡು ಮೂರು ವರ್ಷದ ಅನುಭವ ಪತ್ರವನ್ನೇ ಹಣಕ್ಕೆ ಮಾರುವವರಿದ್ದಾರೆ. ಮುಚ್ಚಿಹೋದ ಯಾವುದೋ ಕಂಪನಿಯ ಲೆಟರ್‌ಹೆಡ್, ಸಂಬಳದ ಚೀಟಿ ಎಲ್ಲ ತಯಾರಿಸಿ ಕೊಡುತ್ತಾರೆ. ಅಪ್ಪ ಅಡಿಕೆ ಮಾರಿದ ಹಣ, ಅಮ್ಮನ ಸರ ಅಡವಿಟ್ಟ ಹಣ ಅಲ್ಲಿಗೆ ಹೋಗಿರುವುದನ್ನು ನಾನು ಕಂಡಿದ್ದೇನೆ. ಇದು ಉಳಿಯುವ ಸುಳ್ಳಲ್ಲ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯಡಿ ಒಬ್ಬ ನೌಕರ ಯಾವ ಸಂಸ್ಥೆಗೆ ಯಾವಾಗ ಸೇರಿದ, ಯಾವಾಗ ಬಿಟ್ಟ ಎಂಬ ದಾಖಲೆ ಇರುತ್ತದೆ. ಕಂಪನಿಗಳು ನೇಮಕದ ಮೊದಲೋ ನಂತರವೋ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಪತ್ರ ಮಾರಿದವನು ಅಷ್ಟು ಹೊತ್ತಿಗೆ ಮೊಬೈಲ್ ಸಂಖ್ಯೆ ಬದಲಿಸಿರುತ್ತಾನೆ. ನೋಂದಣಿ ಶುಲ್ಕ, ಟ್ರೇನಿಂಗ್ ಡಿಪಾಸಿಟ್ ಎಂದು ಮುಂಗಡ ಹಣ ಕೇಳುವವರನ್ನೂ ನಂಬಬೇಡಿ. ನಿಜವಾದ ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ನಿಮ್ಮಿಂದ ವಸೂಲಿ ಮಾಡುವುದಿಲ್ಲ.

ನೋಟ್‌ಬುಕ್ ತುಂಬಿದ ಮೇಲೂ ಹಾಳೆ ತೆಳ್ಳಗೆ ಕಂಡರೆ ಅದನ್ನು ತುಂಬಿಸಿಕೊಳ್ಳುವ ನ್ಯಾಯವಾದ ದಾರಿಗಳಿವೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳನ್ನು ಸ್ವಯಂ ಪೋರ್ಟಲಿನಲ್ಲಿ ಉಚಿತವಾಗಿ ಕಲಿಯಬಹುದು. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರೂ ಡಿಪ್ಲೊಮಾ ಆದವರೂ ಒಂದು ವರ್ಷ ಸ್ಟೈಪೆಂಡ್ ಪಡೆದು ಕೆಲಸ ಕಲಿಯಬಹುದು. ಬಿಇಎಲ್, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳೂ ಹೀಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಯಾರ ಎದುರೂ ತೋರಿಸಬಹುದಾದ ಅನುಭವ. ಊರಿನ ಆಡಿಟರ್ ಕಚೇರಿಯಲ್ಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಪರಿಚಯದ ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಕೇಳಿ ಸೇರಿಕೊಂಡು ದುಡಿದರೂ ಆಯಿತು.

ಹೊಸ ಪದವೀಧರ ನಿರುದ್ಯೋಗಿಗಳಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯುವನಿಧಿಗೆ ರಾಜ್ಯ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟಿತು. ಆ ಹಣ ಪಡೆಯುವವರಿಗೆ ನನ್ನ ಕೋರಿಕೆ, ಅದರಲ್ಲಿ ಒಂದು ಪಾಲು ಪರೀಕ್ಷಾ ಶುಲ್ಕಕ್ಕೂ ಸಂದರ್ಶನದ ಬಸ್ ಚಾರ್ಜಿಗೂ ಮೀಸಲಿರಲಿ.

ಪದವಿ ಕಾಲೇಜಿನ ಅಧ್ಯಾಪಕರಲ್ಲೂ ಒಂದು ವಿನಂತಿ ಇದೆ. ಕೊನೆಯ ಸೆಮಿಸ್ಟರಿನಲ್ಲಿ ಒಂದೇ ಒಂದು ಪೀರಿಯಡ್ ತೆಗೆದಿಡಿ. ಪಠ್ಯ ಬದಿಗಿಟ್ಟು ‘ಈ ಮೂರು ವರ್ಷ ಏನೇನು ಕೆಲಸ ಮಾಡಿದಿರಿ’ ಎಂದು ಮಕ್ಕಳನ್ನು ಕೇಳಿ, ಅವರು ಹೇಳುವುದನ್ನು ಬರೆಸಿ. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾರುಕಟ್ಟೆಯಲ್ಲಿ ತರಕಾರಿ ಮೂಟೆಗಳ ಲೆಕ್ಕ ಬರೆಯುತ್ತಾನೆಂದು ಆ ದಿನ ನಿಮಗೂ ತಿಳಿಯಬಹುದು.

ಇನ್ನು ರೆಸ್ಯೂಮೆ ಮಾಡಿಸಲು ಹೊರಟಿರುವ ಮಕ್ಕಳಿಗೆ ಹೇಳುವುದಿಷ್ಟೆ. ಜೆರಾಕ್ಸ್ ಅಂಗಡಿಗೆ ಹೋಗಿ, ಆದರೆ ಪ್ರಿಂಟ್ ತೆಗೆಸುವುದಕ್ಕೆ ಮಾತ್ರ ಹೋಗಿ. ಬರೆಯುವುದು ನಿಮ್ಮ ಕೆಲಸ. ಈ ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ತೆಗೆದು ಕೂರಿ. ನೀವು ಮರೆತಿರುವ ಕೆಲಸಗಳು ನಿಮ್ಮ ಅಮ್ಮನಿಗೆ ನೆನಪಿರುತ್ತವೆ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.